ಶಾಟೊ ಗಯಾರ್ ಕೋಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೋಟೆ ಎಲ್ಲಿದೆ?

ಫ್ರಾನ್ಸಿನ ನಾರ್ಮಂಡಿಯಲ್ಲಿ, ಪ್ಯಾರಿಸ್‌ನಿಂದ ವಾಯವ್ಯಕ್ಕೆ ಸುಮಾರು 95 ಕಿಲೋಮೀಟರ್ ದೂರದಲ್ಲಿದೆ. ಸೇನ್ ನದಿ ಅಲ್ಲಿ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ನದಿ ತಿರುಗುವ ಜಾಗದಲ್ಲಿ ಲೆಜಾಂಡೆಲಿ ಎಂಬ ಚಿಕ್ಕ ಊರಿದೆ. ಊರಿನ ಬೆನ್ನಿಗೇ ಬಿಳಿ ಸುಣ್ಣಕಲ್ಲಿನ ಗುಡ್ಡ. ನದಿಯಿಂದ ಸುಮಾರು 90 ಮೀಟರ್ ಎತ್ತರದ ಆ ಗುಡ್ಡದ ಚಾಚಿನ ಮೇಲೆ ಹಾಳುಬಿದ್ದ ಕೋಟೆ ನಿಂತಿದೆ. ಮೂರು ಕಡೆ ಇಳಿಜಾರು. ಹತ್ತುವ ಕಷ್ಟ ಇಲ್ಲದೆ ನಡೆದು ಬರಬಹುದಾದ ದಾರಿ ಇರುವುದು ಆಗ್ನೇಯ ದಿಕ್ಕಿನ ಒಂದು ಸಣ್ಣ ನೆಲಸೇತುವೆಯಂಥ ಜಾಗದಲ್ಲಿ ಮಾತ್ರ. ಕೋಟೆಯ ಇಡೀ ವಿನ್ಯಾಸ ಹುಟ್ಟಿದ್ದು ಈ ಒಂದು ದಾರಿಯ ಭಯದಿಂದ.

ಇಂಗ್ಲೆಂಡಿನ ರಾಜ ಫ್ರಾನ್ಸಿನಲ್ಲಿ ಯಾಕೆ ಕೋಟೆ ಕಟ್ಟಿಸಿದ?

ಕಟ್ಟಿಸಿದವನು ಒಂದನೇ ರಿಚರ್ಡ್. ಲಯನ್‌ಹಾರ್ಟ್ ಅಂತ ಹೆಸರಾದವನು. ಅವನನ್ನು ಇಂಗ್ಲೆಂಡಿನ ರಾಜ ಅಂತ ನಾವು ಕರೆದರೂ, ಅವನ ಮನಸ್ಸು ಮತ್ತು ಬದುಕು ಹೆಚ್ಚಾಗಿ ಇದ್ದದ್ದು ಫ್ರಾನ್ಸಿನಲ್ಲೇ. ನಾರ್ಮಂಡಿ, ಆಂಜೂ, ಅಕ್ವಿಟೇನ್ ಎಲ್ಲ ಅವನ ಕೈಲಿದ್ದವು. ಕಾಗದದ ಮೇಲೆ ಈ ಸೀಮೆಗಳಿಗೆಲ್ಲ ಫ್ರಾನ್ಸಿನ ರಾಜನೇ ಒಡೆಯ. ಹಾಗಾಗಿ ರಿಚರ್ಡ್ ಒಂದು ಕಡೆ ರಾಜ, ಇನ್ನೊಂದು ಕಡೆ ಸಾಮಂತ. ಜಗಳಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಎದುರಾಳಿ ಫ್ರಾನ್ಸಿನ ಎರಡನೇ ಫಿಲಿಪ್. ಫಿಲಿಪ್ ಆಗಸ್ಟಸ್ ಅಂತಲೂ ಕರೆಯುತ್ತಾರೆ. ಇಬ್ಬರೂ ಜೊತೆಯಾಗಿ ಮೂರನೇ ಕ್ರುಸೇಡ್‌ಗೆ, ಅಂದರೆ ಜೆರುಸಲೇಮ್‌ಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧಕ್ಕೆ ಹೋದವರು. ಫಿಲಿಪ್ ಬೇಗ ವಾಪಸ್ ಬಂದ. ರಿಚರ್ಡ್ ಬರುವ ದಾರಿಯಲ್ಲಿ ಆಸ್ಟ್ರಿಯಾದ ಡ್ಯೂಕ್ ಲಿಯೋಪೋಲ್ಡ್ ಕೈಗೆ ಸಿಕ್ಕಿಬಿದ್ದ. ಅಲ್ಲಿಂದ ಜರ್ಮನಿಯ ಚಕ್ರವರ್ತಿ ಆರನೇ ಹೆನ್ರಿಯ ಸೆರೆಗೆ ಹೋದ. ಬಿಡುಗಡೆ ಆಗಿದ್ದು 1194ರಲ್ಲಿ, ಅದೂ ರಾಶಿ ರಾಶಿ ಬೆಳ್ಳಿ ಕೊಟ್ಟ ಮೇಲೆ. ಅಷ್ಟರಲ್ಲಿ ಫಿಲಿಪ್ ಸುಮ್ಮನೆ ಕೂತಿರಲಿಲ್ಲ. 1193ರಲ್ಲಿ ಜಿಸೋರ್ ಕೋಟೆಯನ್ನು ಹಿಡಿದಿದ್ದ. ರಿಚರ್ಡ್‌ನ ಸ್ವಂತ ತಮ್ಮ ಜಾನ್ ಅವನ ಜೊತೆ ಸೇರಿಕೊಂಡಿದ್ದ.

ಜಿಸೋರ್ ಹೋದದ್ದು ದೊಡ್ಡ ಪೆಟ್ಟು. ನಾರ್ಮಂಡಿಯ ಪೂರ್ವ ಗಡಿಗೆ ಅದೇ ಬೀಗ. ಬೀಗ ಮುರಿದ ಮೇಲೆ, ಸೇನ್ ನದಿಯ ದಡ ಹಿಡಿದು ಶತ್ರು ನೇರವಾಗಿ ನಾರ್ಮಂಡಿಯ ಮುಖ್ಯ ಪಟ್ಟಣ ರೂಆನ್‌ಗೆ ಬರಬಹುದಿತ್ತು. ಆ ದಾರಿಗೆ ಅಡ್ಡ ನಿಲ್ಲಿಸಿದ್ದೇ ಶಾಟೊ ಗಯಾರ್.

ಅಲ್ಲಿ ಕೋಟೆ ಕಟ್ಟಬಾರದು ಅಂತ ಒಪ್ಪಂದ ಇತ್ತಂತೆ, ಹೌದಾ?

ಹೌದು. 1196ರ ಜನವರಿಯಲ್ಲಿ ಇಬ್ಬರು ರಾಜರೂ ಒಪ್ಪಂದ ಮಾಡಿಕೊಂಡರು. ಆಂಡೆಲಿಯನ್ನು, ಅಂದರೆ ಈಗಿನ ಲೆಜಾಂಡೆಲಿಯನ್ನು, ಯಾರೂ ಕೋಟೆ ಕಟ್ಟಿ ಭದ್ರಪಡಿಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದೇ ವರ್ಷ ರಿಚರ್ಡ್ ಅಲ್ಲಿ ಕೆಲಸ ಶುರು ಮಾಡಿಸಿದ.

ತಕರಾರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಜಾಗ ರಿಚರ್ಡ್‌ನದ್ದೇ ಆಗಿರಲಿಲ್ಲ. ಅದು ರೂಆನ್‌ನ ಆರ್ಚ್‌ಬಿಷಪ್ ವಾಲ್ಟರ್ ಡಿ ಕೂಟಾನ್ಸ್‌ಗೆ ಸೇರಿದ ಜಮೀನು. ದೋಣಿಗಳಿಂದ ಬರುವ ಸುಂಕವೂ ಅವನಿಗೇ ಹೋಗುತ್ತಿತ್ತು. ಕೇಳದೆ ಕಟ್ಟಿದ್ದಕ್ಕೆ ಆರ್ಚ್‌ಬಿಷಪ್ ಸಿಟ್ಟಾಗಿ ಇಡೀ ನಾರ್ಮಂಡಿಯಲ್ಲಿ ಚರ್ಚ್‌ನ ಕಾರ್ಯಗಳನ್ನೆಲ್ಲ ನಿಲ್ಲಿಸಿ ರೋಮಿಗೆ ಹೊರಟ. ಶವಸಂಸ್ಕಾರ ಕೂಡ ಇಲ್ಲ. ಹೆಣಗಳು ಬೀದಿಯಲ್ಲೇ ಬಿದ್ದಿದ್ದವು ಅಂತ ಆ ಕಾಲದವರು ಬರೆದಿಟ್ಟಿದ್ದಾರೆ. ಪೋಪ್ ಮೂರನೇ ಸೆಲೆಸ್ಟೀನ್ ಮಧ್ಯೆ ಬಂದ ಮೇಲೆ 1197ರಲ್ಲಿ ರಾಜಿ ಆಯಿತು. ಆಂಡೆಲಿಯ ಬದಲಿಗೆ ಆರ್ಚ್‌ಬಿಷಪ್‌ಗೆ ದಿಯೆಪ್ ಬಂದರು, ಲೂವಿಯೆ ಪಟ್ಟಣ ಮತ್ತು ಬೇರೆ ಆಸ್ತಿಗಳು ಸಿಕ್ಕವು. ಲೆಕ್ಕ ಹಾಕಿದರೆ ಆರ್ಚ್‌ಬಿಷಪ್ಪೇ ಗೆದ್ದ. ಜಮೀನು ಕಳೆದುಕೊಂಡ ಬೇರೆ ಯಾರಿಗೂ ಇಂಥ ಪರಿಹಾರ ಸಿಕ್ಕಿರಲಿಕ್ಕಿಲ್ಲ.

ಎರಡೇ ವರ್ಷದಲ್ಲಿ ಕಟ್ಟಿದ್ದು ನಿಜವಾ? ಖರ್ಚು ಎಷ್ಟಾಯಿತು?

ನಿಜ. 1196ರಿಂದ 1198ರೊಳಗೆ ಮುಖ್ಯ ಕೆಲಸ ಮುಗಿಯಿತು. ಆ ಕಾಲಕ್ಕೆ ಈ ಪ್ರಮಾಣದ ಕಲ್ಲಿನ ಕೋಟೆಗೆ ಹತ್ತು ವರ್ಷ ಹಿಡಿದರೂ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ.

ನಾರ್ಮಂಡಿಯ ಖಜಾನೆಯ ಲೆಕ್ಕಪತ್ರಗಳು ಉಳಿದಿರುವುದರಿಂದ ಖರ್ಚು ಗೊತ್ತಾಗುತ್ತದೆ. ಸುಮಾರು 12,000 ಪೌಂಡ್. ಹೋಲಿಕೆಗೆ ಒಂದು ಮಾತು: ರಿಚರ್ಡ್ ತನ್ನ ಇಡೀ ಆಳ್ವಿಕೆಯಲ್ಲಿ ಇಂಗ್ಲೆಂಡಿನ ಎಲ್ಲ ಕೋಟೆಗಳಿಗೂ ಸೇರಿ ಮಾಡಿದ ಖರ್ಚು ಸುಮಾರು 7,000 ಪೌಂಡ್. ಸೆರೆಯಿಂದ ಬಿಡಿಸಿಕೊಳ್ಳಲು ಜನರಿಂದ ಅಷ್ಟೊಂದು ಹಣ ಎತ್ತಿದ ಮೇಲೆ, ಮತ್ತೆ ಇಷ್ಟು ಹಣ ಹೊಂದಿಸಿದ್ದು ಹೇಗೆ ಅಂತ ಯೋಚಿಸಿದರೆ ತೆರಿಗೆ ಕಟ್ಟಿದವರ ಪಾಡು ಅರ್ಥವಾಗುತ್ತದೆ.

ಆ ಲೆಕ್ಕಪತ್ರ ಓದಲು ಚೆನ್ನಾಗಿದೆ. ಕಲ್ಲು ಒಡೆಯುವವರು, ಕಲ್ಲು ಕೆತ್ತುವವರು, ಸುಣ್ಣ ಸುಡುವವರು, ಗಾರೆ ಕೆಲಸದವರು, ಬಡಗಿಗಳು, ಕಮ್ಮಾರರು, ಕಂದಕ ತೋಡುವವರು, ಗಾಡಿ ಹೊಡೆಯುವವರು, ನೀರು ಹೊರುವವರು, ಕೆಲಸಗಾರರನ್ನು ಕಾಯುವ ಸೈನಿಕರು ಎಲ್ಲರ ಕೂಲಿಯೂ ಅದರಲ್ಲಿ ಇದೆ. ಆದರೆ ಮೇಸ್ತ್ರಿ ಯಾರು, ನಕ್ಷೆ ಹಾಕಿದ್ದು ಯಾರು ಅನ್ನುವುದು ಮಾತ್ರ ಇಲ್ಲ.

ಹಾಗಾದರೆ ವಿನ್ಯಾಸ ರಿಚರ್ಡ್‌ನದ್ದೇ?

ಮುಖ್ಯ ಮೇಸ್ತ್ರಿಯ ಹೆಸರಿಲ್ಲ ಅನ್ನುವುದನ್ನೇ ಹಿಡಿದು ಹಲವು ಇತಿಹಾಸಕಾರರು ಹಾಗೆ ಹೇಳುತ್ತಾರೆ. ರಿಚರ್ಡ್ ಕೊನೆಯ ವರ್ಷಗಳಲ್ಲಿ ಇಲ್ಲಿ ತುಂಬಾ ಸಮಯ ಕಳೆದ, ಇಲ್ಲಿಂದಲೇ ಎಷ್ಟೋ ಆಜ್ಞಾಪತ್ರಗಳು ಹೊರಟವು. ಜೀವಮಾನವೆಲ್ಲ ಕೋಟೆಗಳಿಗೆ ಮುತ್ತಿಗೆ ಹಾಕಿದವನು ಅವನು. ಗೋಡೆ ಎಲ್ಲಿ ಸೋಲುತ್ತದೆ ಅಂತ ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಹಾಗಂತ ರಾಜನೇ ದಾರ ಹಿಡಿದು ಅಳತೆ ಹಾಕಿದ ಅಂತ ನಂಬುವುದು ಕಷ್ಟ. ಬೇಕಾದದ್ದನ್ನು ಅವನು ಹೇಳಿದ, ಕೈಯಲ್ಲಿ ಕಸುಬು ಇದ್ದವರು ಮಾಡಿಕೊಟ್ಟರು. ನನಗೆ ಹಾಗೇ ಅನ್ನಿಸುತ್ತದೆ.

ಕಟ್ಟುವಾಗ ರಕ್ತದ ಮಳೆ ಬಂತಂತೆ?

ನ್ಯೂಬರ್ಗ್‌ನ ವಿಲಿಯಂ ಎಂಬ ಆ ಕಾಲದ ಚರಿತ್ರೆಕಾರ ಬರೆದ ಕಥೆ ಅದು. ನೀರಿನ ಜೊತೆ ರಕ್ತ ಸುರಿಯಿತಂತೆ, ಜೊತೆಗಿದ್ದವರು ಅಪಶಕುನ ಅಂದರಂತೆ, ರಿಚರ್ಡ್ ಕ್ಯಾರೇ ಅನ್ನದೆ ಕೆಲಸ ಮುಂದುವರಿಸಿದನಂತೆ. ಮಳೆಯ ಕಥೆ ಹೇಗೇ ಇರಲಿ, ರಿಚರ್ಡ್ ಎಂಥವನು ಅಂತ ಜನ ಅಂದುಕೊಂಡಿದ್ದರು ಅನ್ನುವುದು ಇದರಲ್ಲಿ ಕಾಣುತ್ತದೆ.

ಕೋಟೆಯ ಒಳಗಿನ ವಿನ್ಯಾಸ ಹೇಗಿದೆ?

ಮೂರು ಸುತ್ತಿನ ಕೋಟೆ ಅನ್ನಬಹುದು. ಆದರೆ ಒಂದು ಸುತ್ತಿನೊಳಗೆ ಇನ್ನೊಂದು ಅನ್ನುವ ಹಾಗೆ ಮೂರೂ ಇಲ್ಲ. ಗುಡ್ಡದ ಚಾಚು ಉದ್ದಕ್ಕೆ ಇರುವುದರಿಂದ ಅಂಗಳಗಳು ಸಾಲಾಗಿ ಬಂದಿವೆ.

ಮೊದಲನೆಯದು ಹೊರ ಅಂಗಳ. ಶತ್ರು ನಡೆದು ಬರಬಹುದಾದ ಆಗ್ನೇಯ ದಿಕ್ಕಿಗೆ ಇದರ ಚೂಪು ಮೂತಿ ಮುಖ ಮಾಡಿದೆ. ಆ ತುದಿಯಲ್ಲಿ ಒಂದು ದಪ್ಪ ಬುರುಜು, ಗೋಡೆಗುಂಟ ಇನ್ನಷ್ಟು ಬುರುಜುಗಳು. ಸುತ್ತಲೂ ಸುಣ್ಣಕಲ್ಲನ್ನೇ ಕೊರೆದು ಮಾಡಿದ ಒಣ ಕಂದಕ. ಇದು ಒಂದು ಬೇರೆಯೇ ಪುಟ್ಟ ಕೋಟೆ. ಶತ್ರು ಇದನ್ನು ಹಿಡಿದರೂ ಮುಂದಿನದಕ್ಕೆ ಮತ್ತೆ ಕಂದಕ ದಾಟಬೇಕು.

ಎರಡನೆಯದು ನಡು ಅಂಗಳ. ಬಾವಿ, ವಸತಿ, ಉಗ್ರಾಣ, ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರ ಇಲ್ಲಿದ್ದವು. ಮೂರನೆಯದು ಒಳ ಅಂಗಳ. ಇದು ಮಾತ್ರ ನಡು ಅಂಗಳದ ಒಳಗೇ ಕೂತಿದೆ, ತನ್ನದೇ ಕಂದಕದ ಜೊತೆ. ಅದರ ನದಿ ಬದಿಯಲ್ಲಿ, ಪ್ರಪಾತದ ಅಂಚಿಗೆ ದೊಡ್ಡ ಬುರುಜು.

ಅಂದರೆ ಶತ್ರು ಒಂದಾದ ಮೇಲೆ ಒಂದು ಮೂರು ಕೋಟೆ ಗೆಲ್ಲಬೇಕು. ಪ್ರತಿ ಸಲ ಕೋಟೆ ಕಾಯುವವರಿಗೆ ಹಿಂದೆ ಸರಿಯಲು ಜಾಗ ಇರುತ್ತದೆ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಗಟ್ಟಿ ಯೋಜನೆ ಇಲ್ಲ.

ಒಳ ಅಂಗಳದ ಗೋಡೆ ಯಾಕೆ ಅಲೆ ಅಲೆಯಾಗಿದೆ?

ಈ ಕೋಟೆಯಲ್ಲಿ ಒಂದೇ ಒಂದು ವಿಷಯ ನೋಡಲು ಸಮಯ ಇದ್ದರೆ, ಈ ಗೋಡೆಯನ್ನು ನೋಡಿ. ಉರುಟು ಕಂಬಗಳನ್ನು ಉದ್ದಕ್ಕೆ ಸೀಳಿ ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಸಮತಟ್ಟಾದ ಗೋಡೆ ಅನ್ನುವುದೇ ಹೆಚ್ಚು ಕಡಿಮೆ ಇಲ್ಲ. ಯೂರೋಪಿನಲ್ಲಿ ಇಂಥದ್ದು ಬೇರೆ ಕಡೆ ಸಿಗುವುದು ತೀರಾ ಅಪರೂಪ.

ಕಾರಣ ಎರಡು. ಚಪ್ಪಟೆ ಗೋಡೆಗೆ ಕವಣೆ ಯಂತ್ರದ ಕಲ್ಲು ನೇರವಾಗಿ ಬಡಿದರೆ ಇಡೀ ಪೆಟ್ಟು ಒಳಗೆ ಇಳಿಯುತ್ತದೆ. ಉಬ್ಬಿದ ಮೈಗೆ ಬಡಿದರೆ ಕಲ್ಲು ಓರೆಯಾಗಿ ಜಾರುವ ಸಾಧ್ಯತೆ ಜಾಸ್ತಿ. ಇನ್ನೊಂದು, ಗೋಡೆಯ ಬುಡದಲ್ಲಿ ಅಡಗಿಕೊಳ್ಳಲು ಜಾಗ ಸಿಗುವುದಿಲ್ಲ. ಚಪ್ಪಟೆ ಗೋಡೆಯ ಬುಡಕ್ಕೆ ಬಂದು ಅಂಟಿಕೊಂಡವನಿಗೆ ಮೇಲಿನಿಂದ ಬಾಣ ಬಿಡುವುದು ಕಷ್ಟ, ಬಗ್ಗಿ ನೋಡಬೇಕು. ಇಲ್ಲಿ ಒಂದು ಉಬ್ಬಿನ ಮೇಲೆ ನಿಂತವನಿಗೆ ಪಕ್ಕದ ಉಬ್ಬಿನ ಬುಡ ಕಾಣುತ್ತದೆ.

ಇಂಥ ಗೋಡೆ ಮತ್ತೆ ಯಾಕೆ ಜಾಸ್ತಿ ಕಟ್ಟಲಿಲ್ಲ ಅಂತ ಕೇಳಿದರೆ, ಉತ್ತರ ಹಣ ಅಂತ ಅನಿಸುತ್ತದೆ. ಇಷ್ಟೊಂದು ಬಾಗಿದ ಕಲ್ಲು ಕೆತ್ತಿಸುವುದು ಅಗ್ಗದ ಕೆಲಸ ಅಲ್ಲ.

ದೊಡ್ಡ ಬುರುಜಿನ ವಿಶೇಷ ಏನು?

ಹಳೆಯ ನಾರ್ಮನ್ ಕೋಟೆಗಳಲ್ಲಿ ನಡುವೆ ಚೌಕಾಕಾರದ ದೊಡ್ಡ ಗೋಪುರ ಇರುತ್ತಿತ್ತು. ಚೌಕಕ್ಕೆ ಮೂಲೆ ಇರುತ್ತದೆ, ಮೂಲೆಯ ಕಲ್ಲನ್ನು ಕಿತ್ತರೆ ಗೋಪುರ ಕುಸಿಯುತ್ತದೆ. ಇಲ್ಲಿನ ಬುರುಜು ಒಳಗೆ ದುಂಡು. ಹೊರಗೆ, ಶತ್ರು ಬರುವ ದಿಕ್ಕಿಗೆ ಮಾತ್ರ, ಹಡಗಿನ ಮುಂಭಾಗದ ಹಾಗೆ ಚೂಪಾಗಿ ಚಾಚಿದೆ.

ಬುರುಜಿನ ಮೈಗೆ ಆನಿಸಿದ ಕಲ್ಲಿನ ಆಸರೆಗಳು ತಲೆಕೆಳಗು. ಸಾಮಾನ್ಯವಾಗಿ ಆಸರೆ ಬುಡದಲ್ಲಿ ಅಗಲ, ಮೇಲೆ ಸಪೂರ. ಇಲ್ಲಿ ಬುಡದಲ್ಲಿ ಸಪೂರ, ಮೇಲೆ ಹೋದಂತೆ ಅಗಲ. ಮೇಲೆ ಅವು ಹೊರಚಾಚಿದ ಕಟ್ಟೆಯನ್ನು ಹೊರುತ್ತಿದ್ದವು. ಕಟ್ಟೆಗೂ ಗೋಡೆಗೂ ನಡುವೆ ಸಂದು ಬಿಟ್ಟಿದ್ದರು. ಆ ಸಂದಿನಿಂದ ಕೆಳಗಿದ್ದವರ ತಲೆ ಮೇಲೆ ನೇರವಾಗಿ ಕಲ್ಲು ಸುರಿಯಬಹುದಿತ್ತು. ಪಶ್ಚಿಮ ಯೂರೋಪಿನಲ್ಲಿ ಇಂಥ ವ್ಯವಸ್ಥೆಯನ್ನು ಕಲ್ಲಿನಲ್ಲಿ ಮಾಡಿದ ಬಹಳ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಈಗ ಬುರುಜಿನ ಮೇಲ್ತುದಿ ಇಲ್ಲ. ಆದರೆ ಆಸರೆಗಳ ಬುಡ ನೋಡಿದರೆ ಮೇಲಿನದ್ದನ್ನು ಊಹಿಸಿಕೊಳ್ಳಬಹುದು.

ಇದನ್ನೆಲ್ಲ ಕ್ರುಸೇಡ್‌ನಲ್ಲಿ ಕಲಿತು ಬಂದದ್ದಾ?

ಸ್ವಲ್ಪ ಮಟ್ಟಿಗೆ ಇರಬಹುದು. 1191-92ರಲ್ಲಿ ರಿಚರ್ಡ್ ಪ್ಯಾಲೆಸ್ಟೈನ್‌ನಲ್ಲಿ ಇದ್ದ. ಅಲ್ಲಿನ ಕೋಟೆಗಳನ್ನು ಕಣ್ಣಾರೆ ಕಂಡಿದ್ದ. ಗೋಡೆಯೊಳಗೆ ಗೋಡೆ, ಮೇಲಿನಿಂದ ಕಲ್ಲು ಸುರಿಯುವ ಸಂದು ಇವೆಲ್ಲ ಪೂರ್ವದಲ್ಲಿ ಹಳೆಯ ವಿಷಯ. ಆದರೆ ದುಂಡು ಬುರುಜುಗಳು ಅದಾಗಲೇ ಫ್ರಾನ್ಸಿನಲ್ಲೂ ಬರುತ್ತಿದ್ದವು. ಫಿಲಿಪ್ ಕೂಡ ಕಟ್ಟಿಸುತ್ತಿದ್ದ. ಎಲ್ಲವನ್ನೂ ಪೂರ್ವದಿಂದ ಮೂಟೆ ಕಟ್ಟಿ ತಂದ ಅನ್ನುವುದು ಅತಿಯಾಯಿತು.

ಗುಡ್ಡದ ಮೇಲೆ ಕಾಣುವುದಷ್ಟೇ ಕೋಟೆಯಾ?

ಅಲ್ಲ. ಇದನ್ನು ಮರೆತರೆ ಮುಂದೆ ಆದದ್ದು ಯಾವುದೂ ಅರ್ಥವಾಗುವುದಿಲ್ಲ.

ರಿಚರ್ಡ್ ಕಟ್ಟಿಸಿದ್ದು ಒಂದು ಇಡೀ ಏರ್ಪಾಟು. ಗುಡ್ಡದ ಬುಡದಲ್ಲಿ ಪೆಟಿ ಆಂಡೆಲಿ ಎಂಬ ಹೊಸ ಊರು, ಅದಕ್ಕೆ ಸುತ್ತ ಗೋಡೆ. ನದಿ ನಡುವಿನ ದ್ವೀಪದಲ್ಲಿ ಇನ್ನೊಂದು ಸಣ್ಣ ಕೋಟೆ. ಊರಿಗೂ ದ್ವೀಪಕ್ಕೂ ಸೇತುವೆ. ನದಿಗೆ ಅಡ್ಡಲಾಗಿ ಮೂರು ಸಾಲು ಮರದ ಗೂಟ, ದೋಣಿಗಳು ದಾಟದ ಹಾಗೆ. ನದಿಯಲ್ಲಿ ಮೇಲಕ್ಕೆ ಬೂತಾವಾನ್ ಎಂಬ ದ್ವೀಪದಲ್ಲಿ ಕಾವಲು ಬುರುಜು.

ಗುಡ್ಡದ ಮೇಲಿನ ಕೋಟೆ ಇದಕ್ಕೆಲ್ಲ ತಲೆ ಇದ್ದ ಹಾಗೆ. ರೂಆನ್‌ನಿಂದ ದೋಣಿಯಲ್ಲಿ ಅಕ್ಕಿ-ಬೇಳೆ ಅಲ್ಲ, ಗೋಧಿ, ವೈನ್, ಬಾಣ, ಸೈನಿಕರು ಬರುತ್ತಲೇ ಇರಬೇಕು. ನದಿ ಕೈಯಲ್ಲಿದ್ದರೆ ಕೋಟೆಗೆ ಹಸಿವೇ ಇಲ್ಲ. ಇಲ್ಲಿ ದಂಡು ಸೇರಿಸಿ ಜಿಸೋರ್ ಕಡೆ ನುಗ್ಗಬೇಕು ಅನ್ನುವುದೂ ರಿಚರ್ಡ್‌ನ ಲೆಕ್ಕ. ಅಂದರೆ ಇದು ಬಾಗಿಲು ಹಾಕಿಕೊಂಡು ಕೂರುವ ಕೋಟೆ ಅಲ್ಲ, ಹೊರಗೆ ಹೋಗಿ ಹೊಡೆಯಲು ಕಟ್ಟಿದ ಠಾಣೆ.

ಕಬ್ಬಿಣ, ಬೆಣ್ಣೆಯ ಕಥೆ ಏನದು?

ಗೋಡೆ ಕಬ್ಬಿಣದ್ದಾದರೂ ಹಿಡಿಯುತ್ತೇನೆ ಅಂತ ಫಿಲಿಪ್ ಅಂದನಂತೆ. ಬೆಣ್ಣೆಯದ್ದಾದರೂ ಉಳಿಸಿಕೊಳ್ಳುತ್ತೇನೆ ಅಂತ ರಿಚರ್ಡ್ ಅಂದನಂತೆ. ವೇಲ್ಸ್‌ನ ಜೆರಾಲ್ಡ್ ಎಂಬ ಲೇಖಕ ಬರೆದಿಟ್ಟ ಮಾತು. ರಿಚರ್ಡ್‌ಗೆ ಅದನ್ನು ಸಾಬೀತು ಮಾಡುವ ಅವಕಾಶ ಸಿಗಲಿಲ್ಲ. 1199ರಲ್ಲಿ ಶಾಲೂಸ್ ಎಂಬ ಸಣ್ಣ ಕೋಟೆಯ ಮುತ್ತಿಗೆಯಲ್ಲಿ ಬಾಣ ತಗುಲಿ, ಗಾಯ ಕೊಳೆತು, ಏಪ್ರಿಲ್ 6ರಂದು ತೀರಿಕೊಂಡ. ಪಟ್ಟಕ್ಕೆ ಬಂದವನು ತಮ್ಮ ಜಾನ್.

ಫಿಲಿಪ್ ಮುತ್ತಿಗೆ ಹಾಕಿದ್ದು ಯಾವಾಗ?

1203ರ ಬೇಸಿಗೆ ಮುಗಿಯುವ ಹೊತ್ತಿಗೆ. ಕೋಟೆಯ ಕಿಲ್ಲೇದಾರ ರೋಜರ್ ಡಿ ಲೇಸಿ, ಇಂಗ್ಲೆಂಡಿನ ಚೆಸ್ಟರ್ ಕಡೆಯವನು. ಗಟ್ಟಿ ಆಳು.

ಫಿಲಿಪ್ ಜಾಣ. ಗುಡ್ಡದ ತಂಟೆಗೆ ಮೊದಲು ಹೋಗಲಿಲ್ಲ, ನದಿಯಿಂದ ಶುರು ಮಾಡಿದ. ಅವನ ಕಡೆಯ ಈಜುಗಾರರು ಮೇಲಿನಿಂದ ಬಾಣ ಬೀಳುತ್ತಿದ್ದರೂ ನೀರಿಗಿಳಿದು ಗೂಟಗಳನ್ನು ಕಡಿದು ದಾರಿ ಮಾಡಿದರು. ಆಮೇಲೆ ದೋಣಿಗಳನ್ನು ಸಾಲಾಗಿ ಕಟ್ಟಿ ನದಿಗೆ ಸೇತುವೆ ಹಾಕಿದ.

ಜಾನ್ ಒಂದು ಒಳ್ಳೆಯ ಪ್ರಯತ್ನ ಮಾಡಿದ. ರಾತ್ರಿ ಹೊತ್ತು ಅವನ ಸೇನಾನಿ ವಿಲಿಯಂ ಮಾರ್ಷಲ್ ನೆಲದ ದಾರಿಯಿಂದ ಶತ್ರು ಬಿಡಾರದ ಮೇಲೆ ಬೀಳುವುದು, ಅದೇ ಹೊತ್ತಿಗೆ ದೋಣಿಗಳ ದಂಡು ನದಿಯಲ್ಲಿ ಬಂದು ದೋಣಿ ಸೇತುವೆ ಮುರಿದು ಸಾಮಾನು ತಲುಪಿಸುವುದು. ಆದರೆ ದೋಣಿಗಳು ಪ್ರವಾಹಕ್ಕೆ ಎದುರಾಗಿ ಬರಬೇಕಿತ್ತು. ತಡವಾಯಿತು. ಮಾರ್ಷಲ್‌ನ ಪಡೆ ಒಬ್ಬಂಟಿಯಾಗಿ ಹೊಡೆದಾಡಿ ಸೋತಿತು. ಬೆಳಗಾದ ಮೇಲೆ ಬಂದ ದೋಣಿಗಳು ಎಚ್ಚರವಾಗಿದ್ದ ಶತ್ರುವಿನ ಬಾಯಿಗೇ ಬಂದು ಬಿದ್ದವು.

ಅದಾದ ಮೇಲೆ ಮಾಂತ್ ಊರಿನ ಗೋಬೆರ್ ಎಂಬ ಈಜುಗಾರ ಮಡಕೆಯಲ್ಲಿ ಬೆಂಕಿ ಮುಚ್ಚಿಟ್ಟುಕೊಂಡು ಈಜಿ ಹೋಗಿ ದ್ವೀಪದ ಮರದ ಬೇಲಿಗೆ ಹಚ್ಚಿದ. ದ್ವೀಪದ ಕೋಟೆ ಶರಣಾಯಿತು. ಪೆಟಿ ಆಂಡೆಲಿಯ ಜನ ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿ ಕೋಟೆಯೊಳಗೆ ಓಡಿದರು. ಗುಡ್ಡದ ಮೇಲಿನ ಒಂದು ಕಲ್ಲೂ ಅಲುಗಿರಲಿಲ್ಲ. ಆದರೆ ರಿಚರ್ಡ್‌ನ ಏರ್ಪಾಟು ಆಗಲೇ ಮುರಿದುಹೋಗಿತ್ತು.

ಊರ ಜನರಿಗೆ ಏನಾಯಿತು?

ಈ ಕೋಟೆಯ ಬಗ್ಗೆ ಬರೆಯುವವರು ಬುರುಜಿನ ದಪ್ಪ, ಗೋಡೆಯ ಉಬ್ಬು ಎಲ್ಲ ವಿವರವಾಗಿ ಹೇಳಿ, ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಒಳಗೆ ಓಡಿಬಂದವರು 1,400ರಿಂದ 2,200 ಜನ ಇರಬಹುದು ಅಂತ ಅಂದಾಜು. ಡಿ ಲೇಸಿ ಕೂಡಿಟ್ಟಿದ್ದ ದವಸ ಸೈನಿಕರಿಗೆ ಮಾತ್ರ ಆದರೆ ತುಂಬಾ ಕಾಲ ಬರುತ್ತಿತ್ತು. ಇಷ್ಟು ಬಾಯಿಗಳಿಗೆ ಬರುವುದಿಲ್ಲ. ಫಿಲಿಪ್ ಅಷ್ಟರಲ್ಲಿ ಗುಡ್ಡದ ಸುತ್ತ ಎರಡು ಸಾಲು ಕಂದಕ ತೋಡಿಸಿ, ಮರದ ಕಾವಲು ಗೋಪುರ ನಿಲ್ಲಿಸಿ, ದಾರಿಗಳನ್ನೆಲ್ಲ ಮುಚ್ಚಿದ್ದ.

ಡಿ ಲೇಸಿ ಮೊದಲು ಮುದುಕರು, ಕೈಲಾಗದವರು ಅಂತ 500 ಜನರನ್ನು ಹೊರಗೆ ಕಳಿಸಿದ. ಫ್ರೆಂಚರು ಅವರನ್ನು ಹೋಗಲು ಬಿಟ್ಟರು. ಎರಡನೇ ಸಲವೂ ಅಷ್ಟೇ ಜನ, ಅವರನ್ನೂ ಬಿಟ್ಟರು. ಫಿಲಿಪ್ ಆಗ ಅಲ್ಲಿರಲಿಲ್ಲ. ಸುದ್ದಿ ತಿಳಿದು ಸಿಟ್ಟಾದ. ಒಳಗೆ ಬಾಯಿ ಜಾಸ್ತಿ ಇದ್ದಷ್ಟೂ ದವಸ ಬೇಗ ಮುಗಿಯುತ್ತದೆ, ಇನ್ನು ಒಬ್ಬರನ್ನೂ ಬಿಡಬೇಡಿ ಅಂದ. ಇದು ಗೊತ್ತಾದ ಮೇಲೂ ಡಿ ಲೇಸಿ ಉಳಿದವರನ್ನು ಹೊರಗೆ ದಬ್ಬಿದ. ಈ ಸಲ ಎದುರಿನಿಂದ ಬಾಣ ಬಂತು. ಜನ ವಾಪಸ್ ಓಡಿದರೆ ಕೋಟೆಯ ಬಾಗಿಲು ಮುಚ್ಚಿತ್ತು.

ಚಳಿಗಾಲ. ಕೋಟೆಗೂ ಶತ್ರುವಿನ ಕಂದಕಕ್ಕೂ ನಡುವಿನ ಇಳಿಜಾರಿನಲ್ಲಿ ನೂರಾರು ಗಂಡಸರು, ಹೆಂಗಸರು, ಮಕ್ಕಳು. ಹುಲ್ಲು ತಿಂದರು. ಕೋಟೆಯವರು ಓಡಿಸಿದ ನಾಯಿಗಳನ್ನು ಹಿಡಿದು ತಿಂದರು. ಹೆತ್ತ ಹಸುಗೂಸನ್ನೂ ಬಿಡಲಿಲ್ಲ ಅಂತ ಫಿಲಿಪ್‌ನ ಜೊತೆಗಿದ್ದ ಪಾದ್ರಿ ಗಿಯೋಮ್ ಬರೆದಿದ್ದಾನೆ. ಕೊನೆಗೆ ಫಿಲಿಪ್ ಆ ಕಡೆ ಬಂದಾಗ ಅವರ ಕೂಗು ಕೇಳಿ, ಹೋಗಲು ಬಿಟ್ಟು ಊಟ ಹಾಕಿಸಿದ. ಅಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತಿದ್ದರು. ಇಷ್ಟು ದಿನ ಹಸಿದವರಿಗೆ ಒಮ್ಮೆಲೇ ಊಟ ಸಿಕ್ಕಿ, ಇನ್ನಷ್ಟು ಜನ ಅದರಿಂದಲೇ ಸತ್ತರು.

ಫಿಲಿಪ್‌ಗೆ ಕರುಣೆ ಬಂತು ಅಂತ ಅವನ ಪಾದ್ರಿ ಹೊಗಳುತ್ತಾನೆ. ಬಿಡಬೇಡಿ ಅಂತ ಅಪ್ಪಣೆ ಕೊಟ್ಟವನೂ ಅವನೇ ಅಲ್ವಾ?

ಕಕ್ಕಸಿನ ಕಿಂಡಿಯಿಂದ ನುಗ್ಗಿ ಕೋಟೆ ಗೆದ್ದರು ಅನ್ನುವುದು ನಿಜವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ: ಬಹುಶಃ ಕಿಟಕಿ.

1204ರ ಫೆಬ್ರುವರಿ ಕೊನೆಗೆ ಫ್ರೆಂಚರು ಲಗ್ಗೆ ಇಟ್ಟರು. ಹೊರ ಅಂಗಳದ ಕಂದಕಕ್ಕೆ ಮಣ್ಣು ತುಂಬಿದರು. ಏಣಿ ಇಟ್ಟರೆ ಗಿಡ್ಡ ಆಯಿತು. ಸುಣ್ಣಕಲ್ಲಿಗೆ ಚೂರಿ ಚುಚ್ಚಿ ಹಿಡಿದುಕೊಂಡು ಬುಡದವರೆಗೆ ಹತ್ತಿದರು. ಚೂಪು ಮೂತಿಯ ಬುರುಜಿನ ಅಡಿಪಾಯ ಕೊರೆದು, ಮರದ ಕಂಬ ಆನಿಸಿ, ಕಂಬಗಳಿಗೆ ಬೆಂಕಿ ಹಚ್ಚಿದರು. ಕಂಬ ಸುಟ್ಟು ಗೋಡೆ ಕುಸಿಯಿತು. ಕಾವಲಿನವರು ನಡು ಅಂಗಳಕ್ಕೆ ಸರಿದರು.

ನಡು ಅಂಗಳದಲ್ಲಿ, ಗೋಡೆಗೆ ಅಂಟಿಕೊಂಡ ಹಾಗೆ ಜಾನ್ ಕಟ್ಟಿಸಿದ ಕಟ್ಟಡ ಒಂದಿತ್ತು. ಮೇಲೆ ಚಾಪೆಲ್. ಅದಕ್ಕೊಂದು ಕಿಟಕಿ, ಹೊರಮುಖವಾಗಿ. ಬೋಜಿ ಎಂಬ ಅಡ್ಡಹೆಸರಿನ ಸೈನಿಕ ಜೊತೆಯವನ ಹೆಗಲೇರಿ ಒಳಗೆ ಹಾರಿ, ಹಗ್ಗ ಬಿಟ್ಟು ಉಳಿದವರನ್ನು ಎಳೆದುಕೊಂಡ ಅಂತ ಗಿಯೋಮ್ ಬರೆದದ್ದು. ಅದೇ ಕಟ್ಟಡದಲ್ಲಿ ಕಕ್ಕಸೂ ಇತ್ತು, ಅದರ ಕೊಳವೆಯ ಮೂಲಕ ಹತ್ತಿದರು ಅನ್ನುವ ಕಥೆಯೂ ಉಂಟು. ಅದೇ ಜಾಸ್ತಿ ಹರಡಿತು, ಯಾಕೆ ಅಂತ ಹೇಳಬೇಕಾಗಿಲ್ಲ.

ಒಳಗೆ ಬಂದವರು ಗಲಾಟೆ ಎಬ್ಬಿಸಿದರು. ದೊಡ್ಡ ಗುಂಪೇ ನುಗ್ಗಿದೆ ಅಂದುಕೊಂಡು ಕಾವಲಿನವರು ಆ ಕಟ್ಟಡಕ್ಕೆ ಬೆಂಕಿ ಇಟ್ಟರು. ಬೆಂಕಿ ಗಾಳಿಗೆ ಹರಡಿ ಅವರೇ ಒಳ ಅಂಗಳಕ್ಕೆ ಓಡಬೇಕಾಯಿತು. ನಡು ಅಂಗಳ ಹೋದದ್ದು ಕಿಟಕಿಯಿಂದ ಎಷ್ಟೋ, ಆ ಬೆಂಕಿಯಿಂದಲೂ ಅಷ್ಟೇ.

ಒಳ ಅಂಗಳ ಹೇಗೆ ಬಿತ್ತು?

ಅಷ್ಟು ಚೆಂದದ ಉಬ್ಬು ಗೋಡೆಯ ಎದುರಿಗೇ ಒಂದು ತಪ್ಪು ಉಳಿದಿತ್ತು. ನಡು ಅಂಗಳದಿಂದ ಒಳಗೆ ಹೋಗಲು ಕಂದಕದ ಮೇಲೆ ಎತ್ತಿಡುವ ಮರದ ಸೇತುವೆ ಇರಲಿಲ್ಲ. ಕಂದಕ ಕೊರೆಯುವಾಗ ಹಾಗೇ ಬಿಟ್ಟ ಬಂಡೆಯೇ ಸೇತುವೆ. ಅದನ್ನು ಎತ್ತಲು, ಕಡಿಯಲು ಆಗದು. ಗೋಡೆ ಕೊರೆಯುವವರಿಗೆ ಅದೇ ಬಂಡೆ ಮೇಲಿನ ಬಾಣಗಳಿಂದ ಮರೆ ಕೊಟ್ಟಿತು. ಒಳಗಿನವರು ಎದುರು ಸುರಂಗ ತೋಡಿ ಅವರನ್ನು ಓಡಿಸಿದರು. ಆದರೆ ಎರಡು ಸುರಂಗ ಸೇರಿ ಗೋಡೆಯ ಬುಡ ಪೊಳ್ಳಾಯಿತು. ಆಮೇಲೆ ದೊಡ್ಡ ಕವಣೆ ಯಂತ್ರದ ಕಲ್ಲು ಬೀಳಲು ಶುರುವಾದಾಗ ಗೋಡೆ ಬಾಯಿಬಿಟ್ಟಿತು.

1204ರ ಮಾರ್ಚ್ 6. ಉಳಿದಿದ್ದ ಸುಮಾರು 140 ಜನ ಹಿಂದಿನ ದಿಡ್ಡಿ ಬಾಗಿಲಿನಿಂದ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದರು. ಅಷ್ಟು ಹಣ ಸುರಿದು ಕಟ್ಟಿದ ದೊಡ್ಡ ಬುರುಜಿನೊಳಗೆ ಯಾರೂ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಡಿ ಲೇಸಿ ಸೆರೆಯಿಂದ ಬಿಡುಗಡೆಯಾಗಿ ಮತ್ತೆ ಜಾನ್‌ನ ಕೈಕೆಳಗೆ ಇಂಗ್ಲೆಂಡಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ.

ಹಾಗಾದರೆ ಇದು ಸೋತ ವಿನ್ಯಾಸವಾ?

ಬಂಡೆ ಸೇತುವೆ ತಪ್ಪು. ಜಾನ್‌ನ ಕಿಟಕಿಯೂ ತಪ್ಪು. ಆದರೆ ಕೋಟೆ ಸೋತಿದ್ದು ಅದರಿಂದ ಅಂತ ನಾನು ಒಪ್ಪುವುದಿಲ್ಲ. ಆರು ತಿಂಗಳಿಗೂ ಜಾಸ್ತಿ ಕಾಲ ಒಂದು ರಾಜ್ಯದ ಇಡೀ ಸೈನ್ಯವನ್ನು ನೂರಾರು ಜನ ತಡೆದು ನಿಲ್ಲಿಸಿದರು. ಕೋಟೆ ಕೊಡಬೇಕಾದದ್ದು ಸಮಯ. ಅದನ್ನು ಕೊಟ್ಟಿತು. ಆ ಸಮಯದಲ್ಲಿ ಸೈನ್ಯ ತರಬೇಕಾದ ಜಾನ್ 1203ರ ಡಿಸೆಂಬರಿನಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿಬಿಟ್ಟ. ಕೋಟೆ ಬಿದ್ದ ಮೇಲೆ ನಾರ್ಮಂಡಿಯಲ್ಲಿ ಜಾಸ್ತಿ ದಿನ ಯಾರೂ ಎದುರು ನಿಲ್ಲಲಿಲ್ಲ. ಜೂನ್ 24ರಂದು ರೂಆನ್ ಶರಣಾಯಿತು.

ರಾಣಿಯೊಬ್ಬಳನ್ನು ಇಲ್ಲಿ ಸೆರೆ ಇಟ್ಟಿದ್ದರಾ?

ಹೌದು. 1314ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಫಿಲಿಪ್‌ನ ಸೊಸೆಯರಾದ ಬರ್ಗಂಡಿಯ ಮಾರ್ಗರೀತ್ ಮತ್ತು ಬ್ಲಾಂಶ್ ಮೇಲೆ ಹಾದರದ ಆರೋಪ ಬಂತು. ಆರೋಪಕ್ಕೆ ಸಿಕ್ಕಿದ ಗಂಡಸರಿಬ್ಬರನ್ನು ಹಿಂಸಿಸಿ ಕೊಂದರು. ಹೆಂಗಸರನ್ನು ತಲೆ ಬೋಳಿಸಿ ಇಲ್ಲಿಗೆ ಕಳಿಸಿದರು. ಮಾರ್ಗರೀತ್ ಇಲ್ಲಿರುವಾಗಲೇ ಮಾವ ಸತ್ತು ಅವಳ ಗಂಡ ಹತ್ತನೇ ಲೂಯಿ ರಾಜನಾದ. ಹಾಗಾಗಿ ಸೆರೆಮನೆಯಲ್ಲೇ ಅವಳು ರಾಣಿ. 1315ರಲ್ಲಿ ಅಲ್ಲೇ ಸತ್ತಳು. ಕತ್ತು ಹಿಸುಕಿಸಿದರು ಅನ್ನುವ ಮಾತಿದೆ. ರಾಜ ಅದೇ ವರ್ಷ ಇನ್ನೊಂದು ಮದುವೆ ಆದ. ಬ್ಲಾಂಶ್ ಎಷ್ಟೋ ವರ್ಷ ಸೆರೆಯಲ್ಲಿದ್ದು, ಕೊನೆಗೆ ಮಠ ಸೇರಿ ತೀರಿಕೊಂಡಳು.

ಸ್ಕಾಟ್ಲೆಂಡಿನ ರಾಜ ಇಲ್ಲಿ ಯಾಕಿದ್ದ?

ಆಶ್ರಯಕ್ಕೆ. ಎರಡನೇ ಡೇವಿಡ್ ಇನ್ನೂ ಹುಡುಗ. ಇಂಗ್ಲಿಷರ ಭಯಕ್ಕೆ 1334ರಲ್ಲಿ ಪುಟ್ಟ ಹೆಂಡತಿಯ ಜೊತೆ ಫ್ರಾನ್ಸಿಗೆ ಬಂದ. 1341ರವರೆಗೂ ಅವನಿಗೆ ಇದೇ ಮನೆ.

ನೂರು ವರ್ಷಗಳ ಯುದ್ಧದಲ್ಲಿ ಕೋಟೆ ಮತ್ತೆ ಬಿತ್ತಾ?

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ಆ ಯುದ್ಧದಲ್ಲಿ ಹಲವು ಸಲ ಕೈ ಬದಲಾಯಿತು. ಇಂಗ್ಲೆಂಡಿನ ಐದನೇ ಹೆನ್ರಿ ನಾರ್ಮಂಡಿಗೆ ನುಗ್ಗಿದಾಗ ಈ ಕೋಟೆ ತಿಂಗಳುಗಟ್ಟಲೆ ತಡೆದು ನಿಂತಿತು. 1419ರ ಡಿಸೆಂಬರಿನಲ್ಲಿ ಶರಣಾಗಲು ಕಾರಣ ವಿಚಿತ್ರ. ಬಾವಿಯಿಂದ ನೀರು ಸೇದುವ ಹಗ್ಗ ಸವೆದು ಹೋಗಿತ್ತು. ಬಾವಿಯಲ್ಲಿ ನೀರಿದೆ, ಎತ್ತಲು ಹಗ್ಗ ಇಲ್ಲ. ಗುಡ್ಡದ ಮೇಲಿನ ಬಾವಿ ಎಂದರೆ ಎಷ್ಟು ಆಳ ಇರಬೇಕು, ನೀವೇ ಯೋಚಿಸಿ. ಜೋನ್ ಆಫ್ ಆರ್ಕ್‌ನ ಜೊತೆಗಾರ ಲಾ ಹೀರ್ 1430ರಲ್ಲಿ ಮತ್ತೆ ಗೆದ್ದ, ಬೇಗನೇ ಇಂಗ್ಲಿಷರು ವಾಪಸ್ ಪಡೆದರು. 1449ರಲ್ಲಿ ಕೊನೆಯ ಸಲ ಫ್ರೆಂಚರ ಕೈಗೆ ಬಂತು.

ಹಾಳು ಮಾಡಿದವರು ಯಾರು?

ಫ್ರೆಂಚರೇ. ಹದಿನಾರನೇ ಶತಮಾನದ ಹೊತ್ತಿಗೆ ಕೋಟೆಯಲ್ಲಿ ಯಾರೂ ವಾಸ ಇರಲಿಲ್ಲ. ಆದರೂ ಬಂಡಾಯಗಾರರು ಸೇರಿಕೊಂಡರೆ ಸುತ್ತಲಿನ ಊರುಗಳಿಗೆ ತೊಂದರೆ ಅಂತ ಜನ ದೂರು ಕೊಟ್ಟರು. ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿ ಕೆಡವಲು ಅಪ್ಪಣೆ ಕೊಟ್ಟ. ಕಪುಚಿನ್ ಸನ್ಯಾಸಿಗಳು ಮಠದ ಕೆಲಸಕ್ಕೆ ಕಲ್ಲು ಒಯ್ದರು. 1611ರ ಹೊತ್ತಿಗೆ ಕೆಡವುವುದು ನಿಂತಿತು, ಅರ್ಧಂಬರ್ಧ. 1862ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಸ್ಮಾರಕ ಮಾಡಿತು.

1962ರಲ್ಲಿ ಮಧ್ಯಯುಗದ ಕೋಟೆಗಳನ್ನು ಅಧ್ಯಯನ ಮಾಡುವವರು ಲೆಜಾಂಡೆಲಿಯಲ್ಲಿ ಸೇರಿದ್ದರು. ಅಲ್ಲಿಂದ ಶುರುವಾದ ಸಮ್ಮೇಳನ ಬೇರೆ ಬೇರೆ ದೇಶಗಳಲ್ಲಿ ನಡೆಯುತ್ತದೆ, ಹೆಸರು ಮಾತ್ರ ಶಾಟೊ ಗಯಾರ್ ಅಂತಲೇ ಉಳಿದಿದೆ.

ಈಗ ಏನೇನು ನೋಡಬಹುದು?

ದೊಡ್ಡ ಬುರುಜಿನ ಬಹುಭಾಗ, ಉಬ್ಬು ಗೋಡೆಯ ಒಳ್ಳೆಯ ತುಂಡುಗಳು, ಕಲ್ಲು ಕೊರೆದ ಕಂದಕಗಳು, ಹೊರ ಅಂಗಳದ ಮೂತಿಯ ಬುರುಜು. ಬಂಡೆ ಸೇತುವೆಯನ್ನು ತಪ್ಪದೆ ನೋಡಿ, ಪಕ್ಕದಿಂದ ಕಂದಕಕ್ಕೆ ಇಣುಕಿದರೆ ಕೊರೆಯುವವರಿಗೆ ಎಂಥ ಮರೆ ಸಿಕ್ಕಿತ್ತು ಅಂತ ತಿಳಿಯುತ್ತದೆ. ಮೇಲಿನಿಂದ ಕಾಣುವ ನದಿಯ ತಿರುವು ಟರ್ನರ್, ಸಿನ್ಯಾಕ್ ಥರದ ಚಿತ್ರಕಾರರನ್ನೂ ಎಳೆದು ತಂದಿತ್ತು.

ಪ್ಯಾರಿಸ್‌ನಿಂದ ಹೋಗುವುದು ಹೇಗೆ?

ಲೆಜಾಂಡೆಲಿಗೆ ರೈಲು ಇಲ್ಲ. ಪ್ಯಾರಿಸ್‌ನ ಸೇಂಟ್ ಲಜಾರ್ ನಿಲ್ದಾಣದಿಂದ ರೂಆನ್ ಕಡೆ ಹೋಗುವ ರೈಲು ಹಿಡಿದು ಗಯೋನ್-ಓಬೆವಾಯ್ ಅಥವಾ ವೆರ್ನೋನ್‌ನಲ್ಲಿ ಇಳಿದು, ಮುಂದಕ್ಕೆ ಟ್ಯಾಕ್ಸಿ ನೋಡಿಕೊಳ್ಳಬೇಕು. ಕಾರು ಇದ್ದರೆ ಒಳ್ಳೆಯದು. ಚಿತ್ರಕಾರ ಮೋನೆ ಇದ್ದ ಜಿವರ್ನಿ ಊರು ಕೂಡ ವೆರ್ನೋನ್ ಪಕ್ಕದಲ್ಲೇ, ಎರಡನ್ನೂ ಒಂದೇ ದಿನ ಮುಗಿಸಬಹುದು. ಊರಿನಿಂದ ಮೇಲಕ್ಕೆ ಕಾಲುದಾರಿ ಇದೆ, ಚೆನ್ನಾಗಿಯೇ ಏರು. ಹೊರಭಾಗ ಸುತ್ತಾಡಲು ಟಿಕೆಟ್ ಬೇಡ. ದೊಡ್ಡ ಬುರುಜಿರುವ ಒಳ ಅಂಗಳಕ್ಕೆ ಟಿಕೆಟ್ ಇದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಹೊರಡುವ ಮುಂಚೆ ಸಮಯ ವಿಚಾರಿಸಿಕೊಳ್ಳಿ. ಕಂದಕದ ಅಂಚಿಗೆ ಎಲ್ಲ ಕಡೆ ಕಂಬಿ ಇಲ್ಲ. ಚಿಕ್ಕ ಮಕ್ಕಳಿದ್ದರೆ ಕೈ ಹಿಡಿದುಕೊಂಡೇ ನಡೆಯಿರಿ, ಮಳೆ ಬಂದ ಮೇಲೆ ಸುಣ್ಣಕಲ್ಲು ತುಂಬಾ ಜಾರುತ್ತದೆ.